ಖಾಲಿ ತೋಟಾ

ಅಪ್ಪನ ಒಂಟಿ ನಳಿಗೆಯ ಬಂದೂಕು ಒದ್ದ ಒದೆತಕ್ಕೆ ಮೊದಲ ದಿನವೇ ನನ್ನ ಬಲಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಮರುದಿನ ಜಡೆ ಹಾಕಿಕೊಳ್ಳಲು ಕೈ ಮೇಲೇಳಲಿಲ್ಲ. ಅವ್ವ ಬಿಸಿನೀರಿನ ಶಾಖ ಕೊಡುತ್ತ ಇಬ್ಬರನ್ನೂ ಬೈದಳು. "ಹಾಲು ಕೊಡೋ ಹಸ ಒದ್ರೆ ಒದೆಸ್ಕೋಬೇಕವ್ವಾ" ಎಂದು ಅಪ್ಪ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಕೊಂಡ್ಲಹಳ್ಳಿ ಹತ್ತಿರದ ನಮ್ಮ ಹೊಲಕ್ಕೆ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳು ಇಳಿಯುತ್ತವೆ. ಬೆಳೆ ಕಾಯಲೆಂದು ಅಪ್ಪನಿಗೆ ಬಂದೂಕಿನ ಲೈಸೆನ್ಸ್ ಇತ್ತು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅದನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ, ನನಗೆ ಗುರಿ ಹೊಡೆಯಲು ಕಲಿಸತೊಡಗಿದ. ನನ್ನನ್ನು ಬಿಟ್ಟರೆ ಅವನಿಗೆ ಬೇರೆ ಮಕ್ಕಳಿಲ್ಲ. "ಹೆಣ್ಮಗಳ ಕೈಗೆ ಬಂದೂಕಾ" ಎಂದು ಊರಿನವರು ಆಡಿಕೊಂಡರು. ನನ್ನ ಹಟಕ್ಕೆ ಅಷ್ಟೇ ಸಾಕಾಯಿತು.

ಭುಜದ ನೋವು ವಾರದಲ್ಲಿ ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಬಂದೂಕಿನ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿಬಿಡುತ್ತಿದ್ದೆ. ಅಪ್ಪ ಅದಕ್ಕೊಂದು ಮದ್ದು ಹುಡುಕಿದ. ನನಗೆ ಬೆನ್ನು ತಿರುಗಿಸಿ ನಿಂತು ಒಮ್ಮೆ ಗುಂಡಿರುವ ನಿಜವಾದ ತೋಟಾ, ಒಮ್ಮೆ ಸುಟ್ಟ ಖಾಲಿ ತೋಟಾ ತುಂಬಿ ಕೊಡುತ್ತಿದ್ದ. ನಾನು ತೆರೆದು ನೋಡುವಂತಿರಲಿಲ್ಲ. ಖಾಲಿ ಇದ್ದಾಗ ಬಂದೂಕು ಟಿಕ್ ಎಂದು ಸುಮ್ಮನಾಗುತ್ತಿತ್ತು. ಆದರೆ ಬಾರದ ಒದೆತಕ್ಕೂ ಹೆದರಿ ನನ್ನ ಕೈ ನಳಿಗೆಯನ್ನು ನೆಲದ ಕಡೆ ಬಗ್ಗಿಸಿಬಿಟ್ಟಿರುತ್ತಿತ್ತು.

"ನೀನು ಬೆದರೋದು ನನ್ನ ಪೊರೆಗಣ್ಣಿಗೂ ಕಾಣ್ತೈತೆ ನೋಡು" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಹೀಗೇ ಬಂದೂಕನ್ನು ನನ್ನ ಕೈಗೆ ಕೊಟ್ಟು ಅಪ್ಪ ಪಕ್ಕಕ್ಕೆ ಸರಿದ. ಬದುವಿನ ಜಾಲಿ ಪೊದೆಯಿಂದ ಹಂದಿಯೊಂದು ಹೊರಬಿತ್ತು. ಯಾರೋ ಒಡ್ಡಿದ ಉರುಲಿನ ತಂತಿ ಅದರ ಹಿಂಗಾಲಿಗೆ ಬಿಗಿದುಕೊಂಡಿತ್ತು. ನೋವಿಗೆ ಹುಚ್ಚಾಗಿ ಅದು ನೇರವಾಗಿ ಅಪ್ಪನ ಮೇಲೆ ನುಗ್ಗಿತು. ನಾನು ಗುರಿ ಹಿಡಿದೆ. ಕಣ್ಣು ಮುಚ್ಚಲಿಲ್ಲ, ಕೈ ಅಲುಗಲಿಲ್ಲ. ಕುದುರೆ ಎಳೆದೆ. ಟಿಕ್ ಎಂದಿತು.

ನಿಜವಾದ ತೋಟಾಗಳೆಲ್ಲ ಅಪ್ಪನ ಜೇಬಿನಲ್ಲಿದ್ದವು. ಬಂದೂಕನ್ನೇ ತಿರುಗಿಸಿ ಹಿಡಿದು ಹಂದಿಯ ಬೆನ್ನಿಗೆ ಬಡಿದೆ. ಅದು ಓಡುವಷ್ಟರಲ್ಲಿ ಅಪ್ಪನ ತೊಡೆಯನ್ನು ಸೀಳಿಹಾಕಿತ್ತು. ಪಕ್ಕದ ಹೊಲದವರ ಲಗೇಜ್ ಆಟೊದಲ್ಲಿ ಮಲಗಿಸಿಕೊಂಡು ಚಳ್ಳಕೆರೆಗೆ ಹೊರಟೆವು. ನನ್ನ ವೇಲನ್ನು ತೊಡೆಗೆ ಎಷ್ಟು ಬಿಗಿದು ಕಟ್ಟಿದರೂ ರಕ್ತ ನಿಲ್ಲಲಿಲ್ಲ. "ಖಾಲೀದು ಕೊಟ್ಬಿಟ್ನಲ್ಲವ್ವಾ" ಎಂದ. ಅದನ್ನೇ ಎರಡು ಸಲ ಹೇಳಿದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಬಂದೂಕು ಯಾಕೆ ಹಾರಲಿಲ್ಲ ಎಂದು ಅವ್ವ ಕೇಳಿದಳು. ಅವನ ಪಾಠವೇ ಅವನನ್ನು ಕೊಂದಿತೆಂದು ಯಾವ ಬಾಯಲ್ಲಿ ಹೇಳಲಿ? ಊರು ಅವನ ಹೆಣ ನೋಡಿ ನಗುವುದು ನನಗೆ ಬೇಕಿರಲಿಲ್ಲ. ತೋಟಾ ಥಂಡಿ ಹಿಡಿದಿತ್ತು ಎಂದೆ. ಅವ್ವ ನಂಬಿದಳು. ಇಂದಿಗೂ ಶೇಂಗಾ ಬಿಡಿಸುತ್ತ ಕೂತಾಗ, ತೋಟಾ ಮಾರಿದ ಆ ಅಂಗಡಿಯವನ ಮನೆ ಹಾಳಾಗಲಿ ಎಂದು ಹಿಡಿಶಾಪ ಹಾಕುತ್ತಾಳೆ. ನಾನು ಪಕ್ಕದಲ್ಲಿ ಕೂತು ಹೂಂಗುಡುತ್ತೇನೆ.