ಮೇಲಿನ ಮಹಡಿಯವರ ವೈರು

ಜಪಾನಿನ ತೊಯೊಸು ಹತ್ತಿರದ ನಮ್ಮ ಕಟ್ಟಡದಲ್ಲಿ ಅವರು ಮೇಲಿನ ಮಹಡಿಯವರು, ಮೈಸೂರಿನವರು. ಇ-ಸಿಗರೇಟಿನ ನೆರವಿನಿಂದ ಸಿಗರೇಟು ಬಿಟ್ಟು ನಾಲ್ಕು ತಿಂಗಳಾಗಿತ್ತು. ಆ ಕೊರೊನಾ ಕಾಲದಲ್ಲೇ ಅದರ ಬ್ಯಾಟರಿ ಸತ್ತಿತು. ತರಿಸಿದ ಹೊಸದು ಅಂಚೆಯಲ್ಲೆಲ್ಲೋ ಸಿಕ್ಕಿಕೊಂಡಿತು.

“ಕೆಳಗೇ ಕೊಂಬಿನಿ ಅಂಗಡಿ ಇದೆ. ಒಂದು ಪ್ಯಾಕ್ ತಂದ್ರೆ ನನ್ನ ಕಥೆ ಮುಗೀತು ರೀ,” ಎಂದು ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿದರು. ಅದು ಬಿಳಿಯದೋ ಕಪ್ಪೋ, ನನ್ನ ನೆನಪು ಎರಡಕ್ಕೂ ಆಣೆಯಿಡುತ್ತದೆ. ಕೈಗಳು ಮಾತ್ರ ಸ್ಪಷ್ಟ. ಲ್ಯಾಪ್‌ಟಾಪಿನ ಐದು ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕಿಳಿಸುವ ಉಗುರಗಲದ ಬೋರ್ಡನ್ನು ಕೇಬಲ್ಲಿಗೂ ಇ-ಸಿಗರೇಟಿಗೂ ನಡುವೆ ಬೆಸೆದರು. “ಮೊದ್ಲು ಅಳೆಯೋಣ,” ಎನ್ನುತ್ತ ಪ್ರತಿ ಬೆಸುಗೆಗೂ ಮೀಟರ್ ಮುಟ್ಟಿಸಿದರು. ಕೊನೆಗೆ ದೀಪ ಹತ್ತಿತು, ಹಬೆ ಬಂತು.

ನಾನು ಹೊಗಳುವ ಮೊದಲೇ ವೈರನ್ನು ಮತ್ತೆ ಕತ್ತರಿಸಿ, ಗೇಣುದ್ದಕ್ಕೆ ಇಳಿಸಿ ಬೆಸೆದರು.

“ಯಾಕ್ರೀ? ಬಾಲ್ಕನಿವರೆಗೂ ಬರ್ತಿತ್ತಲ್ಲ.”

“ಅದಕ್ಕೇ. ಇಷ್ಟು ಆರಾಮಾಗಿ ಸಿಕ್ರೆ ಇದನ್ನ ಬಿಡೋದು ಯಾವಾಗ?”

ಮತ್ತೆ ಸಿಗರೇಟು ಮುಟ್ಟಲಿಲ್ಲ. ಆದರೆ ಒಂದೊಂದು ದಮ್ಮಿಗೂ ಆ ಆರಡಿ ಆಳು ಲ್ಯಾಪ್‌ಟಾಪಿನ ಮುಂದೆ ಸೊಂಟ ಬಗ್ಗಿಸಬೇಕಿತ್ತು. ಒಮ್ಮೆ ಮೀಟಿಂಗ್ ನಡುವೆ ಹಾಗೆ ಬಗ್ಗಿದಾಗ, ಪರದೆಯಲ್ಲಿದ್ದ ಅವರ ಜಪಾನಿ ಮ್ಯಾನೇಜರ್ ಮಾತು ನಿಲ್ಲಿಸಿ, ಇನ್ನೂ ಆಳವಾಗಿ ಬಗ್ಗಿ ವಂದಿಸಿದರು.