ಬೆಳವಂಗಲದಿಂದ ಕರೆ ಮಾಡಿ ತೋರಿಸಿ

ಅವರ ಕತ್ತು ಎಡಕ್ಕೆ ವಾಲಿತ್ತು. ಟೆಲಿಫೋನ್ ಇಲಾಖೆಯಲ್ಲಿ ಇದ್ದಷ್ಟು ಕಾಲವೂ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ತಂತಿ ಹಿಡಿದು ದುಡಿದಿದ್ದರ ಫಲ ಅದು. ನಿವೃತ್ತರಾದ ಮೇಲೆ ರಿಸೀವರ್ ಹೋಯಿತು, ಕತ್ತು ಮಾತ್ರ ನೆಟ್ಟಗಾಗಲಿಲ್ಲ. ಈ ಮನುಷ್ಯ ನಮ್ಮ ಮಾತನ್ನು ಬಹಳ ಗಮನವಿಟ್ಟು ಕೇಳುತ್ತಿದ್ದಾರೆ ಎಂದು ಹೊಸಬರಿಗೆ ಅನ್ನಿಸುತ್ತಿತ್ತು. ಎಲ್ಲಿಯ ಗಮನ! ಅರ್ಧ ಮಾತಿಗೇ "ಸುಮ್ನಿರ್ರೀ, ಅದು ಆಗಲ್ಲ" ಅಂದುಬಿಡುತ್ತಿದ್ದರು.

ನಾವೆಲ್ಲ ಅವರನ್ನು ಇಂಜಿನಿಯರ್ ಸಾರ್ ಎನ್ನುತ್ತಿದ್ದೆವು. ದೇವನಹಳ್ಳಿಯ ಟ್ರಸ್ಟ್ ಆಸ್ಪತ್ರೆಯಲ್ಲಿ ಉಪಕರಣಗಳ ಉಸ್ತುವಾರಿ ಅವರದು, ಗುತ್ತಿಗೆಯ ಮೇಲೆ. ನಾನು ಅದೇ ಆಸ್ಪತ್ರೆಯ ದೊಡ್ಡಬೆಳವಂಗಲದ ಶಾಖೆಯಲ್ಲಿ ನರ್ಸು. ಶಾಖೆ ಎಂದರೆ ಎರಡು ಕೋಣೆ, ವಾರಕ್ಕೊಮ್ಮೆ ಬರುವ ಡಾಕ್ಟರು. ಮಿಕ್ಕ ದಿನ ಹೆರಿಗೆಗೂ ನಾನೇ, ಹಾವು ಕಚ್ಚಿದರೂ ನಾನೇ.

ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ. ದೇವನಹಳ್ಳಿಗೆ ಹೋಗಿ ಬಂದರೆ ಟಿಪ್ಪರುಗಳ ಕೆಂಧೂಳಿಗೆ ನನ್ನ ಬಿಳಿ ಸೀರೆ ಯಾವ ಬಣ್ಣದ್ದೆಂದು ಕೇಳಬೇಕಿತ್ತು. ರಸ್ತೆಯುದ್ದಕ್ಕೂ ಹೊಸ ಕೇಬಲ್ ಹೂಳಿದ್ದರು. ಅದನ್ನು ಕಂಡು ನಮ್ಮ ಟ್ರಸ್ಟಿನ ಅಧ್ಯಕ್ಷರಿಗೆ ಹಳ್ಳಿ ಶಾಖೆಗಳಿಗೆಲ್ಲ ವಿಡಿಯೋ ಕಾನ್ಫರೆನ್ಸ್ ಹಾಕಿಸುವ ಉಮೇದು ಬಂತು. ಒಳ್ಳೆಯ ಉಮೇದೇ. ಕಷ್ಟದ ಹೆರಿಗೆಯ ಹೊತ್ತಿನಲ್ಲಿ ದೇವನಹಳ್ಳಿಯ ಡಾಕ್ಟರಮ್ಮ ಪರದೆಯ ಮೇಲೆ ಸಿಕ್ಕರೆ ನನಗೆ ಅದಕ್ಕಿಂತ ಇನ್ನೇನು ಬೇಕು? ತಕರಾರು ಹುಟ್ಟಿದ್ದು ಯಾವ ಪೆಟ್ಟಿಗೆ ಕೊಳ್ಳಬೇಕು ಎನ್ನುವಲ್ಲಿ.

ಇಂಜಿನಿಯರ್ ಸಾರ್ ನನ್ನನ್ನು ಮೀಟಿಂಗಿಗೆ ಎಳೆದುಕೊಂಡು ಹೋದರು. "ಬಳಸೋರನ್ನ ಬಿಟ್ಟು ಕೊಳ್ಳೋರೇ ಕೂತ್ಕೊಳ್ಳೋದು ಯಾವ ಸೀಮೆ ಮೀಟಿಂಗು?" ಅಂದರು. ಅಂಗಿ ಜೇಬಿನಲ್ಲಿ ಸದಾ ಹುರಿದ ಕಡ್ಲೇಕಾಯಿ ಇರುತ್ತಿತ್ತು. ಒಂದು ಹಿಡಿ ನನ್ನ ಕೈಗೆ ಸುರಿದು, ಮೆಟ್ಟಿಲ ಮೇಲೆಯೇ ನನಗೆ ಪಾಠ ಮಾಡಿದರು.

"ನೋಡಮ್ಮಾ, ಪೆಟ್ಟಿಗೆ ಎರಡು. ನಿಮ್ಮೂರಿನ ಹಳೇ ಟೆಲಿಫೋನ್ ಲೈನನ್ನ ಈ ಹೊಸ ಕೇಬಲ್ಲಿಗೆ ಸೇರ್ಸೋದು ಗೇಟ್‌ವೇ. ಯಾರು ಯಾರಿಗೆ ಕರೆ ಮಾಡ್ಬೋದು, ಲೈನಲ್ಲಿ ಜಾಗ ಸಾಲ್ದಿದ್ರೆ ಯಾರನ್ನ ಒಳಗೆ ಬಿಡ್ಬೇಕು ಅಂತ ತೀರ್ಮಾನ ಮಾಡೋದು ಗೇಟ್‌ಕೀಪರ್ರು. ಮೊದಲನೇದು ಇಲ್ದಿದ್ರೆ ನೀನು ಬರೋಕೇ ಆಗಲ್ಲ. ಎರಡನೇದು ಸರಿ ಇಲ್ದಿದ್ರೆ, ಬಂದೂ ಆಚೆ ನಿಂತಿರ್ತೀಯ."

ಒಳಗೆ ಪೆಟ್ಟಿಗೆ ಮಾರಲು ಬಂದ ಕಂಪನಿಯವರು ಹಾಲಿನ ಎರಡು ಮೂಲೆಗೆ ಎರಡು ಪರದೆ ಇಟ್ಟು, ಆ ಮೂಲೆಯಿಂದ ಈ ಮೂಲೆಗೆ ನಮಸ್ಕಾರ ಹೇಳಿಸುತ್ತಿದ್ದರು. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಅಧ್ಯಕ್ಷರು ಹಿಗ್ಗಿ ಹೀರೇಕಾಯಿಯಾಗಿದ್ದರು.

"ಒಂದೇ ಹಾಲಲ್ಲಿ ಇರೋರು ಮಾತಾಡೋಕೆ ಮಷೀನ್ ಯಾಕ್ರೀ?" ಅಂದರು ಇಂಜಿನಿಯರ್ ಸಾರ್. "ಬೆಳವಂಗಲದಿಂದ ಕರೆ ಮಾಡಿ ತೋರಿಸಿ."

ಕಂಪನಿಯವನು ನಕ್ಕ. ಅವನ ಪಟ್ಟಿಯಲ್ಲಿ ಗೇಟ್‌ವೇ ಇರಲೇ ಇಲ್ಲ. "ಮುಂದಿನ ವರ್ಷ ಎಲ್ಲಾ ಹಳ್ಳಿಗೂ ಕೇಬಲ್ ಬರುತ್ತೆ ಸಾರ್. ಹಳೇ ಲೈನಿಗೆ ಯಾಕೆ ಸುಮ್ನೆ ಖರ್ಚು?"

"ಸರಿ ಹಂಗಾದ್ರೆ. ಮುಂದಿನ ವರ್ಷದ ತನಕ ಹೆರಿಗೆ ನಿಲ್ಸಿ ಅಂತ ಊರೂರಿಗೆ ಹೋಗಿ ನೀನೇ ಹೇಳ್ಬುಟ್ಟು ಬಾ."

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅಧ್ಯಕ್ಷರು ನನ್ನನ್ನು ದುರುಗುಟ್ಟಿ ನೋಡಿದರು. ನೋಡಿಕೊಳ್ಳಲಿ! ಇಂಜಿನಿಯರ್ ಸಾರ್ ಮಾತ್ರ, ಬೆಳವಂಗಲದಿಂದ ಪರೀಕ್ಷೆಯಾಗದೆ ಯಾವ ಪೆಟ್ಟಿಗೆಯನ್ನೂ ಒಪ್ಪುವುದಿಲ್ಲವೆಂದು ಎದ್ದು ನಿಂತುಬಿಟ್ಟರು. ಎತ್ತು ಕೊಳ್ಳುವಾಗ ಹಲ್ಲು ನೋಡಿದರೆ ಸಾಲದು, ನೊಗ ಕಟ್ಟಿ ಹೂಡಿ ನೋಡಬೇಕು ಎನ್ನುವ ಒಕ್ಕಲು ಮನೆತನ ಅವರದು. ಕೊನೆಗೆ ಕಂಪನಿಯವರೇ ಪರೀಕ್ಷೆಗೆಂದು ಒಂದು ಗೇಟ್‌ವೇ ತರಿಸಬೇಕಾಯಿತು. ಅಷ್ಟಕ್ಕೇ ಬಿಡದೆ ಇಂಜಿನಿಯರ್ ಸಾರ್ ಅಧ್ಯಕ್ಷರನ್ನೇ ಕಾರಿನಲ್ಲಿ ನಮ್ಮ ಶಾಖೆಗೆ ಕರೆತಂದು, ನನ್ನ ಕುರ್ಚಿಯಲ್ಲಿ ಕೂರಿಸಿದರು.

"ರಕ್ತ ನಿಲ್ತಾ ಇಲ್ಲ ಅಂದ್ಕೊಳಿ ಸಾರ್. ಡಾಕ್ಟರಮ್ಮನ್ನ ಕರೀರಿ."

ಅಧ್ಯಕ್ಷರು ರಿಮೋಟ್ ಒತ್ತಿದರು. ಪರದೆಯಲ್ಲಿ 'ಕರೆ ನಿರಾಕರಿಸಲಾಗಿದೆ' ಎಂಬ ಅರ್ಥದ ಇಂಗ್ಲಿಷ್ ಸಾಲು. ಮತ್ತೆ ಒತ್ತಿದರು, ಮತ್ತೆ ಅದೇ. ಲೈನಿನಲ್ಲೇನೂ ದೋಷವಿರಲಿಲ್ಲ, ಗೇಟ್‌ವೇ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅತ್ತ ದೇವನಹಳ್ಳಿಯಲ್ಲಿ ಕಂಪನಿಯ ಹುಡುಗರು ಅತಿಥಿಗಳಿಗೆ ತೋರಿಸಲೆಂದು ಅಧ್ಯಕ್ಷರ ಕೋಣೆಯಿಂದ ಹಾಲಿಗೆ ಕರೆ ಹಚ್ಚಿ, ತಮ್ಮ ಮುಖ ತಾವೇ ನೋಡಿಕೊಳ್ಳುತ್ತ ಕೂತಿದ್ದರು. ಆ ಕೋಣೆಗೆ ಮೊದಲ ಮಣೆ ಎಂದು ಗೇಟ್‌ಕೀಪರಿಗೆ ಅವರೇ ಹೇಳಿಕೊಟ್ಟಿದ್ದರು. ದಾರಿ ತುಂಬಿದ್ದರಿಂದ ಅದು ನಮ್ಮನ್ನು ಆಚೆಗಟ್ಟಿತ್ತು.

ಅಧ್ಯಕ್ಷರು ರಿಮೋಟ್ ಕುಕ್ಕಿದರು. "ನಾನು ಯಾರು ಅಂತ ಗೊತ್ತಿಲ್ವೇನ್ರೀ ಇದಕ್ಕೆ?"

"ಅದಕ್ಕೇನ್ ಗೊತ್ತು ಸಾರ್? ಈಗ ನೀವು ಬೆಳವಂಗಲ."

ಆಮೇಲೆ ಇಂಜಿನಿಯರ್ ಸಾರ್ ತಮಗೆ ಬೇಕಾದ ಗೇಟ್‌ಕೀಪರ್ ಯಾವುದೆಂದು ಹೇಳಿದರು. ಹಳ್ಳಿಯಿಂದ ವಾರ್ಡಿಗೆ ರೋಗಿಯ ಕರೆ ಬಂದಾಗ ದಾರಿ ತುಂಬಿದ್ದರೆ, ಮೀಟಿಂಗಿನ ಕರೆಯನ್ನು ತಾನಾಗಿಯೇ ಕತ್ತರಿಸಿ ಜಾಗ ಮಾಡಿಕೊಡುವಂಥದ್ದು.

"ನಾನು ಮಾತಾಡ್ತಿದ್ರೂ ಕಟ್ ಮಾಡುತ್ತಾ?"

"ಮಾಡ್ಬೇಕು ಸಾರ್. ನೀವು ಆಮೇಲೆ ಮಾತಾಡ್ಬೋದು. ಆ ಹೆಣ್ಮಗಳು ಆಮೇಲೆ ಉಸಿರಾಡ್ತೀನಿ ಅನ್ನೋಕಾಗಲ್ಲ."

ಎರಡು ಪೆಟ್ಟಿಗೆಗಳೂ ಅವರು ಹೇಳಿದಂಥವೇ ಬಂದವು. ಗುತ್ತಿಗೆಯ ಅವಧಿ ಮುಗಿದಾಗ ಅವರನ್ನು ಮಾತ್ರ ಮುಂದುವರಿಸಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ರಾಜೀನಾಮೆ ಕೊಡ್ತೀನಿ ಎಂದು ಕುಣಿದಾಡಿದೆ. ಅವರು ಬೈದರು: "ಥೂ, ಇವರ ಮನೆ ಕಾಯೋಗ, ನೀನೂ ಬಿಟ್ಟೋದ್ರೆ ಆ ರಿಮೋಟ್ ಒತ್ತೋರ್ಯಾರು? ಪೆಟ್ಟಿಗೆ ಉಳೀತಲ್ಲ, ನಡಿ." ಕಡ್ಲೇಕಾಯಿ ಸಿಪ್ಪೆ ಕೊಡವಿಕೊಂಡು ನಲ್ಲೂರಿನ ಬಸ್ಸು ಹತ್ತಿದರು. ಅಲ್ಲಿ ಅವರ ಮನೆ. ಒಂದು ದಿನವೂ ಮರುಗಿದ್ದನ್ನು ನಾನು ಕಾಣೆ.

ವಿಮಾನಗಳು ಹಾರಲು ಶುರುವಾದ ಮೇಲೆ ಒಂದು ಬೇಸಿಗೆಯಲ್ಲಿ ಇಂಜಿನಿಯರ್ ಸಾರ್ ಹೃದಯಾಘಾತದಿಂದ ತೀರಿಕೊಂಡರು. ಬದುಕಿದ್ದಾಗ ಬೇಡವಾದವರಿಗೆ ಟ್ರಸ್ಟಿನವರು ಶ್ರದ್ಧಾಂಜಲಿ ಸಭೆ ಇಟ್ಟರು, ಅದೂ ವಿಡಿಯೋ ಕಾನ್ಫರೆನ್ಸಿನಲ್ಲಿ, ಎಲ್ಲ ಶಾಖೆಗಳನ್ನೂ ಸೇರಿಸಿ. ನಾನು ಹಲ್ಲು ಕಚ್ಚಿಕೊಂಡು ಪರದೆಯ ಮುಂದೆ ಕೂತಿದ್ದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಹೊರಗೆ ಆಟೋ ಬಂದು ನಿಂತಿತು. ತುಂಬು ಬಸುರಿ. ಸೀರೆಯೆಲ್ಲ ರಕ್ತ.

ಸಭೆಯ ಕರೆಯಿಂದ ಹೊರಬಂದು ದೇವನಹಳ್ಳಿಯ ಹೆರಿಗೆ ವಾರ್ಡಿನ ನಂಬರು ಒತ್ತಿದೆ. ಪರದೆಯಲ್ಲಿ ಡಾಕ್ಟರಮ್ಮ ಕಂಡರು. ಹೀಗೆ ಮಲಗಿಸು, ಈ ಇಂಜೆಕ್ಷನ್ ಕೊಡು, ಆಂಬುಲೆನ್ಸ್ ಕಳಿಸಿದೀನಿ ಎಂದು ಒಂದೊಂದಾಗಿ ಹೇಳುತ್ತ ಹೋದರು. ದೇವನಹಳ್ಳಿ ಮುಟ್ಟಿದ ಮೇಲೆ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು.

ಸಂಜೆ ಬೂದಿಗೆರೆ ಶಾಖೆಯ ನರ್ಸು ಫೋನ್ ಮಾಡಿ ಬಿದ್ದು ಬಿದ್ದು ನಕ್ಕಳು. "ಲೇ, ಅಧ್ಯಕ್ಷರು 'ಅವರ ದೂರದೃಷ್ಟಿಯನ್ನು ನಾವೆಂದೂ' ಅಂತಿದ್ದಂಗೇ ಕರೆ ಕಟ್ಟಾಯ್ತು ಕಣೇ!" ನಾನೂ ನಕ್ಕೆ. ಅದುವರೆಗೆ ಬಾರದಿದ್ದ ಅಳು ಆಗ ಬಂತು.

ಮಾರನೆಯ ದಿನ ಅಧ್ಯಕ್ಷರದೇ ಫೋನು. ಸಿಟ್ಟಿನಲ್ಲಿದ್ದರು.

"ನಿನ್ನೆ ನನ್ನ ಕರೆ ಕಟ್ ಮಾಡಿದ್ಯಾರು?"

"ಇಂಜಿನಿಯರ್ ಸಾರ್" ಅಂದೆ.