ಬಸವಣ್ಣನ ಎಡಗಿವಿಗೆ ಹಚ್ಚಿದ ಬೆಲ್ಲ

ವೈನಿ, ಅಂದು ಕೆರೆ ಬಸವಣ್ಣ ಬಲಗಡೆಯ ಹೂ ಕೊಡಲಿಲ್ಲ. ಅದನ್ನು ಬೀಳುವ ಹಾಗೆ ಮಾಡಿದವನು ನಾನು. ಎಡಗಡೆಯ ಎಸಳಿಗೆ ಬೆಲ್ಲ ಹಚ್ಚಿ, ಅದು ಜಪ್ಪಯ್ಯ ಅಂದರೂ ಬೀಳದಂತೆ ಅಂಟಿಸಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ — ಅಣ್ಣನಿಗಿಲ್ಲ, ಕಟ್ಟಿಕೊಂಡ ಹೆಂಡತಿಗೂ ಇಲ್ಲ. ಹಳೆಯ ಗಾಡಿ ಹೋಗಿ ಹೊಸ ಗಾಡಿ ಬಂತು, ಮನೆಮಂದಿಯೆಲ್ಲ ಪೇಡೆ ತಿಂದರು, ದೇವರೂ ಒಂದಿಷ್ಟು ಬೆಲ್ಲ ತಿಂದ, ಅದರಲ್ಲೇನಿದೆ — ಹೀಗೆಂದು ನನ್ನಷ್ಟಕ್ಕೆ ನಕ್ಕದ್ದೂ ಉಂಟು. ಹೋದ ವಾರ ನೀವು ಪಡಸಾಲೆಯಲ್ಲಿ ಕುಳಿತು ಮಗಳು ಪಲ್ಲವಿಗೆ ಹೇಳಿದ ಮಾತು ಕಿವಿಗೆ ಬಿತ್ತು. ಆಮೇಲೆ ನಗು ಬಂದಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಹೇಳದಿದ್ದರೆ ನಾನು ಮಾಡಿದ್ದು ನನಗೇ ಪೂರ್ತಿ ಕಾಣುವುದಿಲ್ಲ.

ಅಣ್ಣ ಸಂಶಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತ ಆ ಪಿಕಪ್ ಕೊಂಡದ್ದು ನನಗೆಂದೇ. ಓದು ತಲೆಗೆ ಹತ್ತದ ತಮ್ಮ ಗಾಡಿಯನ್ನಾದರೂ ಹೊಡೆದುಕೊಂಡಿರಲಿ ಎಂದು. ಒಂದು ವರ್ಷವಿಡೀ ಚೆನ್ನಾಗಿಯೇ ಹೊಡೆದೆ. ಮುಂದಿನ ಸುಗ್ಗಿಯಲ್ಲಿ ಹತ್ತಿ ಹೇರಿದ ಗಾಡಿಯ ಮೇಲೆ ನಿಂತು ಹಗ್ಗ ಬಿಗಿಯುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ಹೇರಿದ ಹತ್ತಿ ಅಂಗಳದಲ್ಲೇ ನಿಂತಿತು. ಅಣ್ಣನಿಗೆ ಸೈಕಲ್ ಬಿಟ್ಟರೆ ಬೇರೇನೂ ಬಾರದು. ಬಸ್ಸಿನಲ್ಲಿ ಕುಳಿತರೂ ಎರಡು ಕೈಯಲ್ಲಿ ಮುಂದಿನ ಸರಳು ಹಿಡಿಯುವ ಮನುಷ್ಯ ಅವನು. ಯಾರನ್ನು ಕರೆಯುವುದೆಂದು ಅವನು ಫೋನು ತಿರುವುತ್ತಿದ್ದಾಗ ನೀವು ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಹೊರಗೆ ಬಂದಿರಿ.

"ಕೀಲಿ ಎಲ್ಲೈತಿ?"

ಅಣ್ಣ ಫೋನು ಬಿಟ್ಟು ನಿಮ್ಮನ್ನು ನೋಡಿದ.

"ತಿರ್ಲಾಪುರದಾಗ ನಮ್ಮಪ್ಪನ ಟ್ರ್ಯಾಕ್ಟರ್ ಹೊಡದೀನ್ರಿ. ಅದಕ್ಕೂ ನಾಕ ಗಾಲಿ, ಇದಕ್ಕೂ ನಾಕ ಗಾಲಿ. ಏನ್ ಫರಕ್ ಐತಿ?"

ಫರಕು ಇತ್ತೆಂಬುದು ಊರ ಅಗಸಿಬಾಗಿಲು ದಾಟುವ ಮೊದಲೇ ಗೊತ್ತಾಯಿತು. ಆದರೂ ಹತ್ತಿ ಹುಬ್ಬಳ್ಳಿ ಮುಟ್ಟಿತು. ಆಮೇಲೆ ನೀವು ಲೈಸೆನ್ಸ್ ಮಾಡಿಸಿದಿರಿ. ಕಾಲು ಸರಿಯಾಗಿ ಮುಟ್ಟುವುದಿಲ್ಲವೆಂದು ಒಂದು ಹಳೆಯ ಕೌದಿಯನ್ನು ಮಡಚಿ ಬೆನ್ನಿಗೂ ಸೀಟಿಗೂ ನಡುವೆ ಒತ್ತಿಕೊಂಡಿರಿ. ಚಳಿಗಾಲದ ಬೆಳಗ್ಗೆ ಅದು ಚಾಲೂ ಆಗದಿದ್ದರೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನೀವು ಮಾತ್ರ "ಏಳ ನಮ್ಮಪ್ಪಾ, ಹೊತ್ತಾತು" ಎಂದು ಮಕ್ಕಳನ್ನು ಎಬ್ಬಿಸುವಂತೆ ಎಬ್ಬಿಸುತ್ತಿದ್ದಿರಿ. ಅದು ಏಳುತ್ತಿತ್ತು ಕೂಡ! ಅದರ ಬಾಗಿಲಿಗೆ ಹಗ್ಗ, ಕನ್ನಡಿಗೆ ತಂತಿ. ಹಾರ್ನಿನದಂತೂ ಒಂದು ಕತೆ — ಯಾವ ತಂತಿ ಎಲ್ಲಿ ಕೂಡಿಕೊಂಡಿತ್ತೋ, ವೈಪರ್ ಹಾಕಿದರೆ ಮಾತ್ರ ಕೂಗುತ್ತಿತ್ತು. ಉರಿಬಿಸಿಲಿನಲ್ಲಿ ಒಣಗಾಜಿನ ಮೇಲೆ ವೈಪರ್ ಆಡಿಸುತ್ತ ಬರುವ ಗಾಡಿ ಕಂಡರೆ ಅದು ನಮ್ಮದೇ ಎಂದು ದೂರದಿಂದಲೇ ಜನ ಗುರುತಿಸುತ್ತಿದ್ದರು.

ನಮ್ಮದು ಎಂದೆನಲ್ಲ, ತಪ್ಪಾಯಿತು. ಜನ ಹೇಳುತ್ತಿದ್ದದ್ದು "ಶಾಂತಕ್ಕನ ಗಾಡಿ ಬಂತು" ಎಂದು.

ನನ್ನ ಕೈ ಕೂಡಿತು. ಕೀಲಿ ನಿಮ್ಮ ಸೊಂಟದಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ, ನೀವೂ ಕೊಡಲಿಲ್ಲ, ನಾನೂ ಬೇಡಲಿಲ್ಲ. ನೀವು ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದಿರಿ, ಅದಂತೂ ನಿಜ. ಎರೆಹೊಲದ ಕೆಸರಿನಲ್ಲಿ ನಾನು ಗಾಲಿ ತಿರುಗಿಸಿ ತಿರುಗಿಸಿ ಇನ್ನಷ್ಟು ಹೂತುಬಿಡುತ್ತಿದ್ದೆ. ನೀವು ಸುಮ್ಮನೆ ಇಳಿದು, ಹತ್ತಿಕಟ್ಟಿಗೆ ತಂದು ಗಾಲಿಯಡಿ ಹಾಸಿ, ಮತ್ತೆ ಹತ್ತಿ, ಮೆಲ್ಲಗೆ ಹೊರಗೆ ತರುತ್ತಿದ್ದಿರಿ. ಆಗ ನಿಮ್ಮ ಮುಖ ನೋಡಬೇಕಿತ್ತು. ಹೊಸ ಸೀರೆ ಉಟ್ಟಾಗಲೂ ನೀವು ಹಾಗೆ ಕಂಡದ್ದು ನನಗೆ ನೆನಪಿಲ್ಲ. ಎಡಗಡೆಯ ಸೀಟಿನಲ್ಲಿ ಕುಳಿತು ಹೆಮ್ಮೆಪಡುತ್ತಿದ್ದೆ, ವೈನಿ. ಹೆಮ್ಮೆ ಇತ್ತು. ಅದರ ಜೊತೆಗೇ ಇನ್ನೊಂದೂ ಇತ್ತು — ಅದಕ್ಕೆ ಆಗ ನಾನು ಹೆಸರಿಟ್ಟಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹಮಾಲರು "ಏನಪಾ ಕ್ಲೀನರ್, ಡ್ರೈವರ್ ಎಲ್ಲಿ ಹೋದ್ರು?" ಎಂದು ಚೇಷ್ಟೆ ಮಾಡಿದರೆ ನಗುತ್ತಿದ್ದೆ. ನಕ್ಕು ಮನೆಗೆ ಬಂದು ಊಟ ಸಾಕೆನ್ನುತ್ತಿದ್ದೆ.

ಅಷ್ಟರಲ್ಲಿ ಅದೇ ಕಂಪನಿಯ ಹೊಸ ಪಿಕಪ್ ಬಂತು. ಅಣ್ಣಿಗೇರಿಯ ಗೆಳೆಯ ಕೊಂಡಿದ್ದ. ಒಂದು ಸುತ್ತು ಹೊಡೆಯಲು ಕೊಟ್ಟ. ಹೆಸರು ಹಳೆಯದೇ, ಉಳಿದದ್ದೆಲ್ಲ ಬೇರೆ. ಮೋರೆ ಬೇರೆ, ದೀಪ ಬೇರೆ, ಒಳಗೆ ಕಾರಿನಂಥ ಸೀಟು, ಎಸಿ, ಹಿಂದಕ್ಕೆ ಸರಿಯುವಾಗ ಹಿಂದಿನದು ಕಾಣುವ ಪರದೆ. ಸ್ಟೇರಿಂಗನ್ನು ಒಂದು ಬೆರಳಿನಲ್ಲಿ ತಿರುವಬಹುದು. ಆ ದಿನದಿಂದ ಮನೆಯಲ್ಲಿ ಅದೇ ಭಜನೆ ಹಚ್ಚಿದೆ. ಮೆಣಸಿನಕಾಯಿ ಚೀಲ ಹೆಚ್ಚು ಹಿಡಿಯುತ್ತವೆ, ಎಣ್ಣೆ ಕಡಿಮೆ ಕುಡಿಯುತ್ತದೆ, ವೈನಿಯ ಭುಜ ನೋಯುವುದಿಲ್ಲ. ನೋಡಿ, ನಿಮ್ಮ ಭುಜವನ್ನೂ ಬಿಡಲಿಲ್ಲ ನಾನು.

"ಇದಕ್ಕೇನಾಗೇತಿ? ಇನ್ನೂ ಓಡತೈತಲ್ಲ" ಎಂದಿರಿ ನೀವು.

ಅಣ್ಣ ಇತ್ತ ನಿಮ್ಮ ಮುಖ ನೋಡಿದ, ಅತ್ತ ನನ್ನ ಮುಖ ನೋಡಿದ. ಯಾರ ಮನಸ್ಸನ್ನೂ ನೋಯಿಸಲಾರದ ಅವನಿಗೆ ಇದ್ದದ್ದು ಒಂದೇ ದಾರಿ. "ಬಸವಣ್ಣನ್ನ ಕೇಳೂಣು" ಎಂದ.

ನಮ್ಮ ಮನೆಯಲ್ಲಿ ಎತ್ತು ಕೊಳ್ಳಲಿ, ಬೋರು ಕೊರೆಸಲಿ, ಹೆಣ್ಣು ಕೊಡಲಿ, ಮೊದಲು ಕೆರೆ ಬಸವಣ್ಣನಿಗೆ ಹೂ ಹಚ್ಚಿ ಕೇಳುವುದು ಅಜ್ಜನ ಕಾಲದಿಂದ ಬಂದದ್ದು. ಕಣಗಿಲ ಹೂವಿನ ಎರಡು ಎಸಳು ನೀರಲ್ಲಿ ಅದ್ದಿ, ಕಲ್ಲಿನ ಬಸವಣ್ಣನ ಎರಡು ಕಿವಿಯ ಬುಡಕ್ಕೆ ಒಂದೊಂದು ಅಂಟಿಸಬೇಕು. ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ನೀರು ಆರುತ್ತ ಬಂದಂತೆ ಯಾವುದೋ ಒಂದು ಎಸಳು ಮೊದಲು ಉದುರುತ್ತದೆ. ದೇವರ ಬಲಗಡೆಯದು ಬಿದ್ದರೆ ಮಾಡು ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಆಮೇಲೆ ಅದಕ್ಕೆ ಎದುರುಮಾತಿಲ್ಲ.

ಸೋಮವಾರ ಮೂವರೂ ಹೋದೆವು. ಪೂಜಾರಿ ಅಯ್ಯನವರಿಗೆ ವಯಸ್ಸಾಗಿತ್ತು. "ನೀನ ಹಚ್ಚಪಾ ಬಸು, ನನ್ನ ಕೈ ನಡಗತಾವು" ಎಂದು ಎಸಳು ನನ್ನ ಅಂಗೈಗೆ ಹಾಕಿದರು. ನಿಮ್ಮಿಬ್ಬರ ಕಡೆ ತಿರುಗಿ, "ಏನ್ ಕೇಳೂದೈತಿ ಅದನ್ನ ಮನಸ್ನ್ಯಾಗ ಕೇಳ್ರಿ, ಕಣ್ಣ ಮುಚ್ಕೋರಿ" ಎಂದರು. ಅಣ್ಣ ಮುಚ್ಚಿದ. ನೀವೂ ಮುಚ್ಚಿದಿರಿ. ನನ್ನ ಇನ್ನೊಂದು ಕೈಯಲ್ಲಿ ನೈವೇದ್ಯದ ತಾಟಿತ್ತು — ಕಾಯಿ, ಮತ್ತೆ ಒಂದು ಹೆಂಟೆ ಬೆಲ್ಲ. ಒದ್ದೆ ಬೆರಳಿಗೆ ಬೆಲ್ಲ ತಾನಾಗಿ ಅಂಟಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಹಚ್ಚಿಕೊಂಡೆ. ಎಡಗಡೆಯ ಎಸಳನ್ನು ಒತ್ತಿ ಅಂಟಿಸಿದೆ. ಬಲಗಡೆಯದನ್ನು ಅಂಗಿಗೆ ಒರೆಸಿ, ತಾಗಿಯೂ ತಾಗದ ಹಾಗೆ ಇಟ್ಟೆ.

ಅದು ನಿಲ್ಲಲೇ ಇಲ್ಲ. "ಬಲಕ್ಕ ಕೊಟ್ಟ!" ಎಂದರು ಅಯ್ಯನವರು. ಅಣ್ಣ ನಿರಾಳವಾಗಿ ಉಸಿರುಬಿಟ್ಟ. ನೀವು ಕಣ್ಣು ತೆರೆದು ಕೆಳಗೆ ಬಿದ್ದ ಎಸಳನ್ನೇ ನೋಡುತ್ತ ನಿಂತಿರಿ. ಕಣ್ಣಲ್ಲಿ ನೀರಿತ್ತು. ಹಳೆಯ ಗಾಡಿಯ ಮೇಲಿನ ಮೋಹ, ಹೊಸದು ಬಂದರೆ ಹೋಗುತ್ತದೆ ಎಂದುಕೊಂಡೆ. ನೀವು ಎಸಳನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಆತು ಬಿಡು. ಅವನ ಹೇಳಿದ ಮ್ಯಾಲ ಮುಗೀತು" ಎಂದಿರಿ.

ಮರುದಿನ ಬೆಳಗ್ಗೆ ನಾನೊಬ್ಬನೇ ಗುಡಿಗೆ ಹೋದೆ. ಬಸವಣ್ಣನ ಎಡಗಿವಿಗೆ ಇರುವೆ ಮುತ್ತಿದ್ದವು. ಎಸಳು ಇನ್ನೂ ಬಿದ್ದಿರಲಿಲ್ಲ. ಅಯ್ಯನವರು ಬರುವ ಮೊದಲು ಟಾವೆಲ್ ಒದ್ದೆ ಮಾಡಿ ಎಲ್ಲವನ್ನೂ ಒರೆಸಿದೆ. ನನಗೇನೂ ಗೊತ್ತಿರಲಿಲ್ಲ ಎನ್ನಲು ಇನ್ನು ಬಾಯಿಲ್ಲ — ಒರೆಸಿದ ಕೈ ಇದೇ.

ಹಳೆಯ ಗಾಡಿಯನ್ನು ಮಿಶ್ರಿಕೋಟಿಯವರೊಬ್ಬರು ಭತ್ತದ ಚೀಲ ಹೇರಲು ಕೊಂಡರು. ಅವರು ಬಂದ ದಿನ ನೀವು ಆ ಕೌದಿಯನ್ನಷ್ಟೇ ತೆಗೆದುಕೊಂಡು ಒಳಗೆ ಹೋದಿರಿ. ಹೊಸದನ್ನು ತಂದ ದಿನ ಅಣ್ಣ ಕುಂಕುಮ ಹಚ್ಚಿದ ಕೀಲಿಯನ್ನು ನಿಮ್ಮ ಮುಂದೆಯೇ ಹಿಡಿದ. ನೀವು ಕೈ ಹಿಂದೆ ಮಾಡಿಕೊಂಡು, "ಬಸು ಹೊಡೀಲಿ" ಎಂದಿರಿ. ನಾನು ಒಂದು ಸಲವೂ "ಯಾಕ್ರಿ ವೈನಿ?" ಎನ್ನಲಿಲ್ಲ. ಥಟ್ಟನೆ ತೆಗೆದುಕೊಂಡೆ.

ಅಂದಿನಿಂದ ನೀವು ಸ್ಟೇರಿಂಗಿನ ಕಡೆ ಕುಳಿತಿಲ್ಲ. ಕೇಳಿದವರಿಗೆಲ್ಲ ನಾನೊಂದು ಚೇಷ್ಟೆ ಕಟ್ಟಿ ಹೇಳಿದೆ: "ನಮ್ಮ ವೈನಿಗೆ ಹಗೂರ ಸ್ಟೇರಿಂಗ್ ಬರೂದಿಲ್ರಿ. ಗುದ್ದ್ಯಾಡಿದ್ರನ ಗಾಡಿ ಹೊಡದಂಗ ಅವರಿಗೆ." ಮದುವೆಮನೆಯಲ್ಲಿ ಹೇಳಿದೆ, ಮಾರ್ಕೆಟ್ಟಿನಲ್ಲಿ ಹೇಳಿದೆ, ನಿಮ್ಮ ತವರಿನವರ ಮುಂದೆಯೂ ಹೇಳಿದೆ. ನೀವೂ ಅವರ ಜೊತೆ ನಗುತ್ತಿದ್ದಿರಿ. ಇಂಥ ಮಾತನ್ನು ವರ್ಷಗಟ್ಟಲೆ ನಕ್ಕು ಸಹಿಸಿದಿರಲ್ಲ, ವೈನಿ...

ಹೋದ ವಾರ ನೀವೂ ಪಲ್ಲವಿಯೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದಿರಿ. ನಾನು ನೀರು ಕುಡಿಯಲು ಒಳಗೆ ಬಂದಿದ್ದೆ. ಕಾಲೇಜಿಗೆ ಹೋಗುವ ಹುಡುಗಿಗೆ ಈಗ ಗಾಡಿ ಕಲಿಯುವ ಹುಚ್ಚು. ಅವಳು ಕೇಳಿದಳು, "ಯವ್ವಾ, ನೀ ಯಾಕ ಬಿಟ್ಟಿ? ಖರೇನ ನಿನಗ ಹಗೂರ ಸ್ಟೇರಿಂಗ್ ಬರೂದಿಲ್ಲೇನು?"

"ನಿಮ್ಮ ಕಾಕಾ ಹಂಗ ಅಂತಾನ, ಅನ್ಲಿ ಬಿಡ" ಎಂದು ನಕ್ಕಿರಿ ನೀವು. ಆಮೇಲೆ ಇನ್ನೊಂದು ಕಾಯಿಯ ತೊಟ್ಟು ಬಿಡಿಸಿದಿರಿ. "ಅವತ್ತ ನಾ ಬಸವಣ್ಣಗ ಗಾಡಿ ಮಾತ ಕೇಳಲೇ ಇಲ್ಲವ್ವಾ. ಬಾಜೂಕ ಕುಂತ ಕುಂತ ಬಸೂನ ಮಾರಿ ಸಣ್ಣದಾಗೇತಿ, ಸ್ಟೇರಿಂಗ್ ಅವಗ ಬಿಟ್ಟ ಕೊಡ್ಲೇನು ಅಂತ ಕೇಳಿದ್ದೆ. ಬ್ಯಾಡ ಅಂತಾನ ಅನ್ಕೊಂಡಿದ್ದೆ. ಬಲಕ್ಕ ಕೊಟ್ಟ. ಕೊಟ್ಟ ಮ್ಯಾಲ ನಂದೇನೈತಿ?"

ಚರಿಗೆಯನ್ನು ತುಟಿಗಿಟ್ಟವನು ಕುಡಿಯದೆ ಹಾಗೆಯೇ ಕೆಳಗಿಟ್ಟು ಹೊರಗೆ ಬಂದೆ.

ನೀವು ಕೇಳಿದ್ದು ಗಾಡಿಯ ಮಾತಲ್ಲ. ನನ್ನ ಮಾತು. ನಾನು ಹೆಸರಿಡಲಾರದೆ ಒಳಗೆ ಇಟ್ಟುಕೊಂಡಿದ್ದನ್ನು ಪಕ್ಕದ ಸೀಟಿನಲ್ಲೇ ಕುಳಿತು ನೀವು ಕಂಡುಕೊಂಡಿದ್ದಿರಿ; ಅದಕ್ಕಾಗಿ ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಬಿಡಲೇ ಎಂದು ದೇವರ ಮುಂದೆ ನಿಂತಿದ್ದಿರಿ. ಅದೇ ಹೊತ್ತಿಗೆ ನಾನು ಬೆಲ್ಲ ತಿಕ್ಕುತ್ತಿದ್ದೆ. ಬಾಯಿಬಿಟ್ಟು ಕೇಳಿದ್ದರೆ ನೀವು ಕೀಲಿ ಕೊಡುತ್ತಿದ್ದಿರೇನೋ, ಇಬ್ಬರೂ ಸರದಿಯ ಮೇಲೆ ಹೊಡೆಯುತ್ತಿದ್ದೆವೇನೋ — ನನಗೆ ಆ ಧೈರ್ಯವೂ ಇರಲಿಲ್ಲ. ಬೆಲ್ಲ ಹಚ್ಚದಿದ್ದರೂ ಬಲಗಡೆಯದೇ ಬೀಳಬಹುದಿತ್ತು ಎಂಬ ಮಾತು ಎರಡು ಮೂರು ಸಲ ನಾಲಿಗೆಯ ತನಕ ಬಂತು. ಅದನ್ನು ಹೇಳುವುದಿಲ್ಲ. ಬಸವಣ್ಣ ಏನು ಹೇಳುತ್ತಿದ್ದನೋ ಅದು ಯಾರಿಗೂ ತಿಳಿಯದಂತೆ ಮಾಡಿದವನು ನಾನೇ.

ನಿನ್ನೆ ಗಾಡಿ ತೊಳೆಯುವಾಗ, ನೀವು ಕೂರುವ ಎಡಗಡೆಯ ರಬ್ಬರ್ ಚಾಪೆ ಎತ್ತಿದೆ. ಒಂದೇ ಜಾಗದಲ್ಲಿ ಸವೆದು ತೂತು ಬಿದ್ದಿದೆ. ಎದುರಿಗೆ ಟ್ರ್ಯಾಕ್ಟರ್ ಬಂದಾಗಲೆಲ್ಲ, ತಿರುವು ಬಂದಾಗಲೆಲ್ಲ, ಇಲ್ಲದ ಬ್ರೇಕನ್ನು ನಿಮ್ಮ ಬಲಗಾಲು ಒತ್ತುತ್ತ ಬಂದಿದೆ. ಚಾಪೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದೆ, ಅತ್ತುಬಿಟ್ಟೆ.

ಇದನ್ನು ಮಾರ್ಕೆಟ್ಟಿನ ಹೊರಗೆ, ಮೆಣಸಿನಕಾಯಿ ಇಳಿಸುವ ಸರದಿಗೆ ಕಾಯುತ್ತ ಗಾಡಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಕಾಗದವನ್ನು ನಿಮ್ಮ ಕೈಗಿತ್ತು ತಪ್ಪಿಸಿಕೊಳ್ಳುವುದಿಲ್ಲ. ನಾಳೆ ಅಮಾವಾಸ್ಯೆ, ಅಂಗಳದಲ್ಲಿ ಗಾಡಿಪೂಜೆ. ಅಣ್ಣ ಇರುತ್ತಾನೆ, ಪಲ್ಲವಿ, ನನ್ನ ಹೆಂಡತಿ ಎಲ್ಲರೂ ಇರುತ್ತಾರೆ. ನಿಮ್ಮನ್ನು ನಗೆಗೀಡು ಮಾಡಿದ್ದು ಎಲ್ಲರ ಮುಂದೆ, ಇದನ್ನೂ ಎಲ್ಲರ ಮುಂದೆಯೇ ಓದುತ್ತೇನೆ. ನೀವು ಬೈಯಿರಿ. ಕೀಲಿ ತೆಗೆದುಕೊಳ್ಳುವುದು, ಬಿಡುವುದು ನಿಮ್ಮ ಇಷ್ಟ. ಈ ಸಲ ಯಾರೂ ಹೂ ಕೇಳುವುದು ಬೇಡ. ಹೋದ ವರ್ಷಗಳನ್ನು ತಂದುಕೊಡಲು ನನ್ನಿಂದ ಆಗದು.

ಈ ಗಾಡಿಯ ಸೀಟಿಗೆ ಕೌದಿ ಬೇಕಿಲ್ಲ, ವೈನಿ. ಕೆಳಗೊಂದು ಹಿಡಿಕೆಯಿದೆ, ಎತ್ತಿದರೆ ಮುಂದಕ್ಕೆ ಬರುತ್ತದೆ. ನಿಮ್ಮ ಕಾಲು ಮುಟ್ಟುವಷ್ಟು ಈಗಲೇ ಮುಂದಕ್ಕೆ ಎಳೆದಿದ್ದೇನೆ. ನನ್ನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿವೆ. ಹಾಗೆಯೇ ಮನೆಗೆ ಬರುತ್ತೇನೆ.